ಗುರುಸಿದ್ದವ್ವನ ಮನೆಗೆ ಬಂದ ಶನಿವಾರ

ನಮ್ಮ ಊರಿನಲ್ಲಿ ಶನಿವಾರ ಮತ್ತು ಭಾನುವಾರದ ಹವೆ ಶುಕ್ರವಾರವೇ ಬಂದುಬಿಡುತ್ತದೆ, ಆದರೆ ಒಂದೇ ಒಂದು ಮನೆಗೆ. ನಸುಕಿನಲ್ಲಿ ಯಾರದೋ ಪಡಸಾಲೆಯೊಳಗೆ ಬಂದು ನೆಲೆಸಿ, ಹೊಸ್ತಿಲು ದಾಟದೆ ದಿನವಿಡೀ ಅಲ್ಲೇ ಇದ್ದು, ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಹೊರಬಿದ್ದು ಊರಿಗೆಲ್ಲ ಹರಡುತ್ತದೆ. ಮುಂದಿನ ಐದು ದಿನಗಳು ಭಾನುವಾರದ ಸಂಜೆ ಹೇಗಿತ್ತೋ ಹಾಗೆಯೇ ನಡೆಯುತ್ತವೆ. ಯಾರ ಮನೆಗೆ ಬರುತ್ತದೆ ಎಂಬುದು ಮೊದಲೇ ತಿಳಿಯುವುದಿಲ್ಲವಾದ್ದರಿಂದ ಗುರುವಾರ ಸಂಜೆಯೇ ಹೆಂಗಸರು ಪಡಸಾಲೆಯ ಹಾಸಿಗೆಗಳನ್ನು ಸುತ್ತಿ ಗೂಟಕ್ಕೆ ಏರಿಸುತ್ತಾರೆ, ಬೆಲ್ಲದ ಡಬ್ಬಿಯ ಮುಚ್ಚಳ ಬಿಗಿಮಾಡುತ್ತಾರೆ, ಗೋಡೆಯ ಫೋಟೊಗಳನ್ನು ಇಳಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಮಳೆಯ ಶನಿವಾರ ಬಂದ ಮನೆಯಲ್ಲಿ ಅಜ್ಜನ ಫೋಟೊ ನೆನೆದು ಬಿಳಿಯಾದ ಕಥೆ ಪ್ರತಿ ಓಣಿಯಲ್ಲೂ ಒಂದಾದರೂ ಇದೆ. ಹವೆ ಬಂದ ಮನೆಯವರು ಬಾಗಿಲಿಗೆ ಮೊರವೊಂದನ್ನು ತೂಗುಹಾಕುತ್ತಾರೆ. ಮೊರ ಕಂಡೊಡನೆ ನಾನು ಹೋಗಬೇಕು.

ನಾನು ಹವಾ ಕಚೇರಿಯ ಅಳತೆಗಾರ್ತಿ. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ಈ ಕೆಲಸಕ್ಕೆ ಸೇರಿ ಎರಡು ವರ್ಷ ಮೂರು ತಿಂಗಳಾಯಿತು. ಊರಿನವರು ನನ್ನನ್ನು ಅಳತಿ ಅಕ್ಕೋರು ಎನ್ನುತ್ತಾರೆ. ಮೊರ ತೂಗಿದ ಮನೆಯೊಳಗೆ ನಾನೊಬ್ಬಳೇ ಹೋಗಿ, ಬಾಗಿಲು ಹಾಕಿಕೊಂಡು, ಉಷ್ಣಮಾಪಕದಿಂದ ಅಳೆದು, ನಮೂನೆ ತುಂಬಿ, ಹೊರಬರುವಾಗ ಬಾಗಿಲ ಚೌಕಟ್ಟಿನ ಮೇಲೆ ತಾರೀಖನ್ನೂ ಅಂಕಿಯನ್ನೂ ಕೆಮ್ಮಣ್ಣಿನಿಂದ ಬರೆಯಬೇಕು. ಸಂಜೆ ಐದು ಗಂಟೆಯೊಳಗೆ ಅದೇ ಅಂಕಿ ಸಂತೆಕಟ್ಟೆಯ ಫಲಕದ ಮೇಲೆ ಇರಬೇಕು. ಅಳೆದದ್ದನ್ನು ಬರೆಯಬೇಕು, ಊಹಿಸಿದ್ದನ್ನು ಬರೆಯಕೂಡದು ಎಂದು ನಮೂನೆಯ ತಲೆಯ ಮೇಲೆಯೇ ಅಚ್ಚಾಗಿದೆ. ಆ ಸಾಲು ನನಗೆ ಇಷ್ಟ.

ಈ ವರ್ಷ ಉಗಾದಿಯಿಂದ ಈಚೆಗೆ ಐದು ಶುಕ್ರವಾರ, ಐದು ಮನೆಗಳಲ್ಲಿ, ಪಾದರಸ ಇಪ್ಪತ್ತೊಂದು ಡಿಗ್ರಿಯನ್ನು ದಾಟಲಿಲ್ಲ. ಮಾವಿನಕಾಯಿ ಕಲ್ಲಿನಂತೆ ಕೊಂಬೆಯಲ್ಲಿ ನಿಂತುಬಿಟ್ಟಿತು. ಊರಿಗೆ ಶಾವಿಗೆ ಮಾಡಿಕೊಡುವ ಕಾಶವ್ವನ ಗುಂಪಿನ ಹೆಂಗಸರು ಹೊಸೆದು ಕೋಲಿಗೆ ಹಾಕಿದ ಶಾವಿಗೆ ಒಣಗದೆ ಹುಳಿ ವಾಸನೆ ಬಂದು ದನಗಳ ಪಾಲಾಯಿತು. ಇವೆಲ್ಲಕ್ಕಿಂತ ದೊಡ್ಡ ಚಿಂತೆ ಮಾಳಿಗೆಯದ್ದು. ನಮ್ಮಲ್ಲಿ ಎಲ್ಲವೂ ಮಣ್ಣಿನ ಮಾಳಿಗೆಯ ಮನೆಗಳು. ಪ್ರತಿ ಬೇಸಿಗೆಯಲ್ಲಿ ಹಳೆಯ ಮಣ್ಣು ಕೆದರಿ ತೆಗೆದು ಹೊಸ ಮಣ್ಣು ಹಾಕಬೇಕು. ಅದು ಗಟ್ಟಿಯಾಗಿ ಕೂಡಿಕೊಳ್ಳಲು ಸುಡುವ ಬಿಸಿಲು ಬೇಕೇ ಬೇಕು. ಕೂಡದಿದ್ದರೆ ಮಳೆಗಾಲದ ನಾಲ್ಕು ತಿಂಗಳು ಮನೆಯೊಳಗೆ ಕೊಡೆ ಹಿಡಿದು ಕೂರಬೇಕಾಗುತ್ತದೆ. ಮಾಳಿಗೆ ಕೆಲಸದ ಮೇಸ್ತ್ರಿ ಫಕೀರಪ್ಪ ದಿನವೂ ಕಚೇರಿಯ ಮೆಟ್ಟಿಲ ಬಳಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದ. “ಅಕ್ಕೋರ, ಬಿಸಲು ಎಲ್ಲಿ ಮರತು ಕುಂತೈತಿ?”

ಚಿಂತೆ ಹೆಚ್ಚಿದಂತೆ ಊರಿನ ಮಾತು ಕೆಟ್ಟಿತು. ಮನೆಯವರ ಮನಸ್ಸು ಎಂಥದ್ದನ್ನು ಬಯಸುತ್ತದೋ ಅಂಥ ಹವೆಯೇ ಅವರ ಮನೆಗೆ ಬರುತ್ತದೆ ಎಂದು ಯಾರೋ ಶುರುಮಾಡಿದರು. ಮೂವತ್ತು ವರ್ಷಗಳ ದಾಖಲೆ ತೆರೆದು ಇದಕ್ಕೆ ಆಧಾರವಿಲ್ಲವೆಂದು ನಾನು ತೋರಿಸಿದೆ. ಎಲ್ಲರೂ ಬಗ್ಗಿ ನೋಡಿದರು, ತಲೆಯಾಡಿಸಿದರು, ಹೊರಗೆ ಹೋಗಿ ಅದೇ ಮಾತನ್ನು ಮುಂದುವರಿಸಿದರು. ಆ ಐದು ಮನೆಗಳಿಗೆ ಥಂಡಿಮನಿ ಎಂದು ಹೆಸರಾಯಿತು. ಆ ಮನೆಗಳ ಹೆಂಗಸರು ಬಾವಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಐದನೆಯ ಮನೆಯವರು ಬಾಗಿಲಿಗೆ ಬೀಗ ಹಾಕಿ ಬೀಗರ ಊರಿಗೆ ಹೊರಟುಹೋದರು.

ಗುರುಸಿದ್ದವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಜೋಡಿಸಿ ಅವಳು ಹಾಕುವ ಹೊಲಿಗೆ ನನ್ನ ಅಳತೆಪಟ್ಟಿಯ ಗೆರೆಗಳಷ್ಟೇ ಸಮ. ಅರವತ್ತರ ಆಸುಪಾಸಿನ ವಯಸ್ಸು. ಆ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಗಿದ್ದರೂ ಒಂದು ಶುಕ್ರವಾರವೂ ಹವೆ ಅವಳ ಮನೆಗೆ ಬಂದಿರಲಿಲ್ಲ. ಊರಿನ ಬಾಗಿಲ ಚೌಕಟ್ಟುಗಳೆಲ್ಲ ಕೆಮ್ಮಣ್ಣಿನ ಅಂಕಿಗಳಿಂದ ತುಂಬಿರುವಾಗ ಅವಳದೊಂದೇ ಬೋಳಾಗಿತ್ತು. ಅದರ ಬಗ್ಗೆ ಅವಳು ಮಾತಾಡುತ್ತಿರಲಿಲ್ಲ. ಗುರುವಾರ ಸಂಜೆ ಪಡಸಾಲೆಯನ್ನು ಎರಡು ಸಲ ಗುಡಿಸುತ್ತಿದ್ದಳು, ಅಷ್ಟೆ. ಐದನೆಯ ಥಂಡಿಯ ವಾರ ಕಾಶವ್ವ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಎಲ್ಲರ ಮುಂದೆ ಕೆಣಕಿದ್ದಳು.

“ನಿಂದು ಸುಗ್ಗಿ ನಡದೈತಲ್ಲಬೇ. ಊರಿಗೆಲ್ಲ ಕೌದಿ ಹೊಚ್ಚಾಕತ್ತೀದಿ. ಬಿಸಲು ನಿನಗ್ಯಾಕ ಬೇಕು?”

“ಥಂಡಿ ಬರಲಿ ಅಂತ ನಾನೇನು ಉಪಾಸ ಹಿಡದೀನೇನವಾ?” ಎಂದು ಗುರುಸಿದ್ದವ್ವ ಹಲ್ಲಿನಿಂದ ದಾರ ಕಡಿದಿದ್ದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಸ್ವಲ್ಪ ತಡವಾಗಿ.

ಆರನೆಯ ಶುಕ್ರವಾರ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಯಾವ ಬಾಗಿಲಲ್ಲೂ ಮೊರ ಕಾಣಲಿಲ್ಲ. ಊರಿನ ಒಂಬತ್ತು ಓಣಿಗಳನ್ನು ಎರಡು ಬಾರಿ ಸುತ್ತಿದೆ. ಹೊತ್ತು ಏರಿದಂತೆ ಜನ ತಂತಮ್ಮ ಪಡಸಾಲೆಗೆ ಹೋಗಿ ಅಂಗೈ ಮೇಲೆತ್ತಿ ನಿಂತು, ಏನೂ ತಾಗದೆ ಹೊರಬರುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಫಕೀರಪ್ಪ ಏದುಸಿರು ಬಿಡುತ್ತ ಬಂದ.

“ಮೊರ ಹಾಕ್ಯಾರ್ರಿ ಅಕ್ಕೋರ. ಗುರುಸಿದ್ದವ್ವನ ಮನಿ. ಬಿಸಿ ಐತಿ, ಬಿಸಿ. ಬಾಗಿಲದಾಗ ನಿಂತರ ಮಾರಿಗೆ ಬಡೀತೈತಿ.”

ನಾನು ತಲುಪುವಷ್ಟರಲ್ಲಿ ಓಣಿಯ ತುಂಬ ಜನ. ಆರು ವಾರಗಳಲ್ಲಿ ಮೊದಲ ಬಾರಿಗೆ ಅವರ ಮುಖಗಳು ಸಡಿಲವಾಗಿದ್ದವು. ಯಾರೋ ಆಗಲೇ ಸಲಿಕೆ ತಂದಿದ್ದರು. ಕಾಶವ್ವ ಬಾಗಿಲ ಬಳಿಯ ಗಾಳಿಯನ್ನು ಎರಡೂ ಕೈಗಳಿಂದ ತೆಗೆದು, ಆರತಿ ತೆಗೆದುಕೊಳ್ಳುವಂತೆ ಕೆನ್ನೆಗೆ ಒತ್ತಿಕೊಂಡಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮುಖಕ್ಕೆ ಬಿಸಿ ಬಡಿಯಿತು. ಅದೇ ಕ್ಷಣದಲ್ಲಿ ಪಾದಗಳು ಮರಗಟ್ಟಿದವು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಪಡಸಾಲೆಯ ನೆಲದ ಮೇಲೆ ಪುಷ್ಯಮಾಸದ ಬೆಳಗಿನಂಥ ಮಂಜು ಹಾಸಿತ್ತು. ಮೂಲೆಯಲ್ಲಿ ಒಟ್ಟಿಹಾಕಿದ್ದ ಕೌದಿಗಳ ಕೆಳಗಿನ ನಾಲ್ಕು ಒದ್ದೆ, ಮೇಲಿನವು ಒಣ. ಗುರುಸಿದ್ದವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ನಿಂತಿದ್ದಳು. ತಲೆಯ ಎತ್ತರದಲ್ಲಿ ಮೂವತ್ತಾರೂವರೆ ಡಿಗ್ರಿ. ನೆಲದ ಹತ್ತಿರ ಹದಿನೇಳು. ಅಡುಗೆಮನೆಯ ಕಡೆಗೆ ಒಂದೊಂದು ಹೆಜ್ಜೆ ಇಟ್ಟಂತೆ ಅರ್ಧರ್ಧ ಡಿಗ್ರಿ ಏರುತ್ತಿತ್ತು. ಬೆಚ್ಚಗಿನ ಶುಕ್ರವಾರಗಳನ್ನು ನಾನು ಬೇಕಾದಷ್ಟು ಅಳೆದಿದ್ದೇನೆ. ಹವೆಗೆ ದಿಕ್ಕು ಇರುವುದಿಲ್ಲ.

“ಸರೀರಿ ಅವ್ವಾರ, ಒಳಗ ನೋಡಬೇಕು” ಎಂದೆ.

ಅವಳು ಸರಿಯಲಿಲ್ಲ, ಆದರೆ ತಡೆಯಲೂ ಇಲ್ಲ. ಒಳಗೆ ಮಣ್ಣಿನ ಒಲೆ ಬಾಯಿತುಂಬ ಉರಿಯುತ್ತಿತ್ತು. ಅಕ್ಕಪಕ್ಕದಲ್ಲಿ ಕೆಂಡ ತುಂಬಿದ ಎರಡು ಶೆಗಡಿಗಳು. ಯಾವುದರ ಮೇಲೂ ಪಾತ್ರೆ ಇರಲಿಲ್ಲ.

“ಯಾವಾಗ ಹಚ್ಚಿದ್ರಿ?”

“ನಸಿಕಿನ್ಯಾಗ.” ಅವಳು ಹೊಸ್ತಿಲ ಮೇಲೆ ಕುಳಿತಳು, ಮಂಜು ಅವಳನ್ನು ಸೊಂಟದವರೆಗೆ ಮುಚ್ಚಿತು. “ಎದ್ದು ಕಾಲಿಟ್ಟೆ, ಥಣ್ಣಗ ಹತ್ತಿತು. ಕೊಡ ಸೋರೈತಿ ಅಂದ್ಕೊಂಡೆ. ಆಮ್ಯಾಲ ಗೊತ್ತಾತು. ನಲವತ್ತು ವರ್ಷ ಕಾದೀನಿ ತಂಗಿ. ಬಂತಲ್ಲ ಅಂತ ಒಂದು ಗಳಿಗಿ ಖುಷಿ ಆತು ನೋಡು. ಒಂದೇ ಗಳಿಗಿ.”

“ಆಮ್ಯಾಲ?”

“ಆಮ್ಯಾಲ ಕೌದಿ ಕಣ್ಣಿಗೆ ಬಿದ್ದುವು.” ಅವಳು ಮೂಲೆಯ ಕಡೆ ನೋಡಲಿಲ್ಲ. “ಉಳಿದ ಐದು ಮನಿಗೆ ಥಂಡಿಮನಿ ಅಂದರು. ಕೌದಿ ಹೊಲ್ಯಾಕಿ ಮನಿಗೆ ಬಂತು ಅಂದ್ರ ಏನಂತಾರ? ಕರಕೊಂಡಳು ಅಂತಾರ. ನನ್ನ ಕೈಯಾಗಿನ ಕೌದಿ ಒಬ್ಬರು ಹೊಚ್ಚಿಕೊಳ್ಳಂಗಿಲ್ಲ.”

“ಒಲಿ ಹಚ್ಚಿದ್ರ ಹವಾ ಬದಲಾಗ್ತೈತೇನ್ರಿ?”

“ಹಾಲು ಬದಲಾಗ್ತೈತಿ. ಕಬ್ಬಿಣ ಬದಲಾಗ್ತೈತಿ. ಹವಾ ಯಾಕ ಆಗಬಾರದು? ನೀ ಹೇಳು, ಓದಿದಾಕಿ.”

ಬಂದ ಹವೆಯನ್ನು ತಿದ್ದಲು ಈ ಊರಿನಲ್ಲಿ ಯಾರಾದರೂ ಪ್ರಯತ್ನಿಸಿದ ದಾಖಲೆ ಕಚೇರಿಯಲ್ಲಿ ಇಲ್ಲ. ಬಂದದ್ದನ್ನು ಬಂದ ಹಾಗೆಯೇ ಇರಗೊಟ್ಟು, ಮೊರ ತೂಗುಹಾಕಿ, ಮೂಲೆಯಲ್ಲಿ ಮುದುಡಿ ಕೂತವರೇ ಎಲ್ಲರೂ.

“ಮ್ಯಾಲಿಂದು ಬರಿ” ಎಂದಳು ಅವಳು, ತಗ್ಗಿದ ದನಿಯಲ್ಲಿ. “ಕೆಳಗಿಂದು ನೋಡೇ ಇಲ್ಲ ಅಂತ ಬಿಟ್ಟುಬಿಡು. ಕಾಲಿಗೆ ಬೀಳ್ತೀನಿ ಅನ್ನೂದಿಲ್ಲ, ವಯಸ್ಸಿನಾಗ ನನಗಿಂತ ಸಣ್ಣಾಕಿ ನೀನು.”

ನಾನು ಗೋಡೆಗೆ ಒರಗಿ ಯೋಚಿಸಿದೆ. ಮೂವತ್ತಾರೂವರೆ ಎಂದಷ್ಟೇ ಬರೆದರೆ ಸೂರ್ಯೋದಯಕ್ಕೆ ಊರೆಲ್ಲ ಮಾಳಿಗೆಯ ಹಳೆಯ ಮಣ್ಣನ್ನು ಕೆದರಿ ಹಾಕುತ್ತದೆ. ಬಿಸಿಲು ಬರದಿದ್ದರೆ ಹಳೆಯದೂ ಹೋಗಿ, ಹೊಸದೂ ಕೂಡದೆ, ಬರಿಯ ತೊಲೆಗಳ ಕೆಳಗೆ ಮಳೆಗಾಲ ಕಳೆಯಬೇಕು. ಹದಿನೇಳು ಎಂದಷ್ಟೇ ಬರೆದರೆ ನನ್ನ ಮುಂದೆ ಮಂಜಿನಲ್ಲಿ ಅರ್ಧ ಮುಳುಗಿ ಕೂತ ಈ ಹೆಂಗಸಿನ ಬಾಳು ಇಂದೇ ಮುಗಿಯುತ್ತದೆ. ಒಲೆ ಆರಿಸಿ ಕಾದು ಅಳೆಯಬಹುದು. ಆದರೆ ಆಗ ಅಳೆಯುವುದು ಆರಿದ ಒಲೆಯ ಮನೆಯನ್ನು, ಈಗಿರುವ ಮನೆಯನ್ನಲ್ಲ.

ಕೊನೆಗೆ ನನಗೆ ಬರುವ ಕೆಲಸವನ್ನೇ ಮಾಡಿದೆ. ಅಳತೆಪಟ್ಟಿಯನ್ನು ಗೋಡೆಗೆ ನೆಟ್ಟಗೆ ಹಿಡಿಯಲು ಅವಳಿಗೆ ಹೇಳಿ, ನೆಲದಿಂದ ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಅಳೆಯುತ್ತ ಹೋದೆ. ಹದಿನೇಳು, ಹದಿನೇಳು, ಹದಿನೇಳು. ನಲವತ್ತಾರನೆಯ ಸೆಂಟಿಮೀಟರಿನಲ್ಲಿ ಪಾದರಸ ಎದ್ದು ನಿಂತಿತು. ಕೆಳಗಿನ ಥಂಡಿ ಮೇಲಿನ ಬಿಸಿಯೊಂದಿಗೆ ಬೆರೆತಿರಲೇ ಇಲ್ಲ. ಎಣ್ಣೆ ಮತ್ತು ನೀರಿನಂತೆ ನಡುವೆ ಒಂದು ಗೆರೆ ಇತ್ತು, ನನ್ನ ಮೊಣಕಾಲಿಗಿಂತ ಒಂದು ಬೆರಳು ಕೆಳಗೆ. ನಮೂನೆಯಲ್ಲಿ ಉಷ್ಣಾಂಶಕ್ಕೆ ಒಂದೇ ಚೌಕವಿದೆ. ಅದನ್ನು ಅಡ್ಡಗೆರೆಯಿಂದ ಸೀಳಿ ಎರಡೂ ಅಂಕಿಗಳನ್ನು ಬರೆದೆ. ಕಾರಣ ಬರೆಯಲು ಆ ನಮೂನೆಯಲ್ಲಿ ಚೌಕವೇ ಇಲ್ಲ. ಅದರ ಬಡತನಕ್ಕೆ ನಾನು ಕೃತಜ್ಞಳಾದದ್ದು ಅಂದು ಮಾತ್ರ.

ಹೊರಗೆ ಬಂದು, ಬೋಳು ಚೌಕಟ್ಟಿನ ಮೇಲೆ ನಲವತ್ತಾರು ಸೆಂಟಿಮೀಟರಿಗೆ ಗೆರೆ ಎಳೆದು, ಗೆರೆಯ ಕೆಳಗೆ ಹದಿನೇಳು, ಮೇಲೆ ಮೂವತ್ತಾರೂವರೆ ಎಂದು ಕೆಮ್ಮಣ್ಣಿನಿಂದ ಬರೆದೆ. ಜನ ಅದನ್ನು ಬಹಳ ಹೊತ್ತು ನೋಡಿದರು.

“ಇದೇನ್ರಿ ಅಕ್ಕೋರ, ಒಂದು ಮನಿಗೆ ಎರಡು ಶನಿವಾರ?” ಎಂದಳು ಕಾಶವ್ವ.

“ಮೊಣಕಾಲತನಕ ಥಂಡಿ, ಅದರ ಮ್ಯಾಲ ಬಿಸಿ. ಅಳದದ್ದು ಇಷ್ಟು.”

ಒಂದಿಬ್ಬರು ನಕ್ಕರು, ಫಕೀರಪ್ಪ ನಗಲಿಲ್ಲ. ಅವನದು ಕೆಲಸದವನ ಪ್ರಶ್ನೆ. “ಯಾರ ಮೊಣಕಾಲ್ರಿ? ನಾ ಮಾಳಿಗಿ ಮ್ಯಾಲ ನಿಂತರ ನನ್ನ ಕಾಲಾಗ ಥಂಡಿ ಇರ್ತೈತೋ, ಇಲ್ಲೋ? ಮಣ್ಣು ಇರೂದು ನನ್ನ ಕಾಲಾಗ.”

ನ್ಯಾಯವಾದ ಪ್ರಶ್ನೆ. ನಾನು ಮತ್ತೆ ಒಳಗೆ ಹೋಗಿ, ಗೋಡೆಯ ನಾಗಂದಿಗೆಯ ಹಲಗೆಯ ಮೇಲೆ ಉಷ್ಣಮಾಪಕವನ್ನು ಮಲಗಿಸಿ ಹತ್ತು ನಿಮಿಷ ಕಾದೆ. ಮೂವತ್ತೆಂಟು. ಹಲಗೆಯ ಮೇಲೆ ಮಂಜಿನ ಎಳೆಯೂ ಇರಲಿಲ್ಲ. ಥಂಡಿ ನೆಲಕ್ಕೆ ಸೇರಿದ್ದು, ಎತ್ತರದ್ದಲ್ಲ ಎಂದು ಬಂದು ಹೇಳಿದೆ.

“ಸುಳ್ಳಾದ್ರ?”

“ಮನಿಯೊಳಗಿಂದು ಹೇಳೀನಿ. ನಾಳಿಂದು ನಾಳೆ.”

ಅವನು ಗಲ್ಲ ಕೆರೆದುಕೊಂಡು ಗುರುಸಿದ್ದವ್ವನ ಕಡೆ ತಿರುಗಿದ. “ಹಂಗಾದ್ರ ಹೊತ್ತು ಹುಟ್ಟಿದ ಕೂಡ್ಲೆ ಮೊದಲು ನಿನ್ನ ಮಾಳಿಗಿ ಕೆದರತೀನಿ. ನಿನ್ನ ಮನಿ ಹವಾ, ನಿನ್ನ ಮಾಳಿಗಿ. ಕೂಡಿದ್ರ ಊರಿಗೆಲ್ಲ ಹಾಕೂಣು. ಕೂಡಲಿಲ್ಲಂದ್ರ ನಿನ್ನ ಮನಿ ಒಂದೇ ಸೋರಲಿ. ಒಪ್ಪಿದಿ?”

ಗುರುಸಿದ್ದವ್ವ ನನ್ನನ್ನು ನೋಡಿದಳು. ಒಲೆಯ ವಿಷಯ ತಿಳಿದವರು ಆ ಗುಂಪಿನಲ್ಲಿ ನಾವಿಬ್ಬರೇ. “ಕೆದರು” ಎಂದಳು.

ಶನಿವಾರ ಸೂರ್ಯ ಹುಟ್ಟುವಾಗ ನಾನು ಅವಳ ಬಾಗಿಲೆದುರು ನಿಂತಿದ್ದೆ. ಹೊಸ್ತಿಲಿನಿಂದ ಮೊದಲು ಮಂಜು ಹರಿದುಬಂತು. ಸದ್ದಿಲ್ಲದೆ, ಉಕ್ಕಿದ ಹಾಲಿನಂತೆ, ಓಣಿಯ ಎರಡೂ ಬದಿಗೆ ತುಂಬಿಕೊಳ್ಳುತ್ತ ಹೋಯಿತು. ಅದರ ಮೇಲೆ ವೈಶಾಖದ ಬಿಸಿಲು ಬಿತ್ತು. ಒಂದು ಗಂಟೆಯೊಳಗೆ ಊರಿನಲ್ಲಿ ಯಾರಿಗೂ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ಜನ ಬಿಳಿಯ ಹೊಳೆಯೊಂದರ ಮೇಲೆ ತೇಲಿಕೊಂಡು ಬಾವಿಗೆ ಹೋದರು, ತೇಲಿಕೊಂಡು ಬಂದರು. ಎಮ್ಮೆಗಳು ಕಾಲುಗಳಿಲ್ಲದೆ, ಕೋಳಿಗಳು ಜುಟ್ಟು ಮಾತ್ರವಾಗಿ ಸಂಚರಿಸಿದವು. ನಾಯಿಗಳು ನಡುಗಿ ಚಕ್ಕಡಿ ಏರಿ ಕುಳಿತವು. ಬೆಕ್ಕುಗಳು ಎರಡು ದಿನ ಗೋಡೆಯಿಂದ ಇಳಿಯಲೇ ಇಲ್ಲ. ಅಂಬೆಗಾಲಿಡುವ ಕೂಸುಗಳನ್ನು ತಾಯಂದಿರು ಕಂಕುಳಿನಿಂದ ಕೆಳಗಿಳಿಸಲಿಲ್ಲ. ರೊಟ್ಟಿ ಬಡಿಯಲು ಕೂತವರು ಹಣೆಯ ಬೆವರು ಒರೆಸಿಕೊಳ್ಳುತ್ತಲೇ ಮಡಿಲಿಗೆ ಕೌದಿ ಎಳೆದುಕೊಂಡರು. ಅಂಚೆಯವನ ಸೈಕಲ್ಲಿಗೆ ಚಕ್ರಗಳಿರಲಿಲ್ಲ. ಆದರೂ ಅದು ಬಂತು, ಗಂಟೆ ಬಾರಿಸುತ್ತ.

ಫಕೀರಪ್ಪ ಮಾತು ಕೊಟ್ಟಂತೆ ಗುರುಸಿದ್ದವ್ವನ ಮಾಳಿಗೆಯನ್ನು ಮೊದಲು ಕೆದರಿದ. ತೊಲೆ ಜಂತಿಗಳು ಹಗಲಿಗೆ ಬಿದ್ದವು. ಅವನ ಆಳುಗಳು ಹೊಸ ಮಣ್ಣು ಸುರಿದು, ನೀರು ಚಿಮುಕಿಸಿ, ಕೊರಡಿನಿಂದ ಬಡಿದು ಸಮಮಾಡಿದರು. ಆಮೇಲೆ ಎಲ್ಲರೂ ಕಾದರು. ಗುರುಸಿದ್ದವ್ವ ಏಣಿಯ ಬುಡದಲ್ಲಿ, ಮಂಜಿನಲ್ಲಿ ನಿಂತುಕೊಂಡು ಮೇಲೆ ನೋಡುತ್ತಿದ್ದಳು. ಕಾಲು ಥಣ್ಣಗಾಗುತ್ತದೆ, ಮೇಲೆ ಬನ್ನಿ ಎಂದರೆ ಕೇಳಲಿಲ್ಲ. ಹನ್ನೊಂದು ಗಂಟೆಗೆ ಮಣ್ಣಿನ ಬಣ್ಣ ಅಂಚಿನಿಂದ ತಿಳಿಯಾಗತೊಡಗಿತು. ಹನ್ನೆರಡೂವರೆಗೆ ಫಕೀರಪ್ಪ ಹಿಮ್ಮಡಿಯಿಂದ ಒಂದು ಕಡೆ ಗುದ್ದಿದ. ಗಟ್ಟಿಯಾದ ಸದ್ದು ಬಂತು.

“ಕೂಡೇತಿ” ಎಂದ ಅವನು ಏಣಿಯ ಬುಡಕ್ಕೆ.

ಗುರುಸಿದ್ದವ್ವ ಏಣಿಯ ಮೆಟ್ಟಿಲೊಂದನ್ನು ಹಿಡಿದು ಹಾಗೆಯೇ ಕೂತುಬಿಟ್ಟಳು. ಮೊಣಕಾಲಿಗೆ ಹಣೆ ಹಚ್ಚಿದಾಗ ತಲೆಯೂ ಮಂಜಿನೊಳಗೆ ಮರೆಯಾಯಿತು. ಮೆಟ್ಟಿಲು ಹಿಡಿದ ಕೈ ಮಾತ್ರ ಹೊರಗೆ ಕಾಣುತ್ತಿತ್ತು.

ಅಂದು ಮಧ್ಯಾಹ್ನದಿಂದ ಭಾನುವಾರದ ಸಂಜೆಯವರೆಗೆ ಊರು ಮಾಳಿಗೆಗಳ ಮೇಲೆಯೇ ವಾಸಿಸಿತು. ಒಬ್ಬರ ಮಾಳಿಗೆಯಿಂದ ಇನ್ನೊಬ್ಬರದಕ್ಕೆ ಮಣ್ಣಿನ ಬುಟ್ಟಿ ಕೈಬದಲಾಯಿತು, ಊಟದ ಬುತ್ತಿಯೂ ಬದಲಾಯಿತು. ಗುರುಸಿದ್ದವ್ವನ ಮಾಳಿಗೆಯ ಮೇಲೆ ಕಾಶವ್ವನ ಹೊಸ ಶಾವಿಗೆ ಕೋಲುಗಳಿಂದ ಇಳಿಬಿದ್ದು ಗಾಳಿಗೆ ಒಣಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಕೆಳಗೆ ಓಣಿಗಳಿದ್ದ ಜಾಗದಲ್ಲಿ ಬಿಳುಪು ನಿಧಾನವಾಗಿ ಹರಿಯುತ್ತಿತ್ತು, ಮೇಲಿನ ನಾವೆಲ್ಲ ದೋಣಿಯಲ್ಲಿ ಕೂತವರಂತೆ ಕಾಣುತ್ತಿದ್ದೆವು.

ಭಾನುವಾರ ನಾಲ್ಕು ಗಂಟೆಯ ಚಹಾಕ್ಕೆ ಐದಾರು ಜನ ಗುರುಸಿದ್ದವ್ವನ ಹೊಸ ಮಾಳಿಗೆಯ ಮೇಲೆ ಸೇರಿದ್ದೆವು. ಕಾಶವ್ವ ಬಸಿಯಲ್ಲಿ ಚಹಾ ಊದುತ್ತ ಕೇಳಿದಳು. “ಅಲ್ಲಬೇ, ಹವಾ ಎಲ್ಲಾರ ಮನಿಗೂ ಇಡಿಯಾಗಿ ಬರ್ತೈತಿ. ನಿನ್ನ ಮನಿಗೆ ಹೆಂಗ ಎರಡು ತುಂಡಾಗಿ ಬಂತು?”

ನಾನು ನನ್ನ ಪೆನ್ಸಿಲ್ಲಿನ ಮೊನೆ ನೋಡಿಕೊಂಡೆ. ನಮೂನೆಯಲ್ಲಿ ಕಾರಣಕ್ಕೆ ಚೌಕವಿಲ್ಲ. ಮಾಳಿಗೆಯ ಮೇಲಿನ ಮಾತಿಗೆ ಚೌಕಗಳೇ ಇಲ್ಲ.

“ಇಡಿಯಾಗಿನ ಬಂದಿತ್ತು” ಎಂದಳು ಗುರುಸಿದ್ದವ್ವ. “ಥಂಡಿ ಬಂದಿತ್ತು. ನಾ ಒಲಿ ಹಚ್ಚೀನಿ.”

ಯಾರೂ ಚಹಾ ಕುಡಿಯಲಿಲ್ಲ. ಫಕೀರಪ್ಪ ತನ್ನ ಕಾಲ ಕೆಳಗಿನ ಮಣ್ಣನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿದ, ಅದು ಇನ್ನೂ ಗಟ್ಟಿಯಾಗಿದೆಯೇ ಎಂಬಂತೆ.

“ಮೊದಲ ಹೇಳಬಾರದಾಗಿತ್ತೇನು?” ಎಂದಳು ಕಾಶವ್ವ.

“ಹೇಳಿದ್ರ ಏನಂತಿದ್ದಿ?”

ಕಾಶವ್ವ ಬಸಿಯನ್ನು ಕೆಳಗಿಟ್ಟಳು. ಅವಳ ಬಾಯಿ ಜೋರು, ಆದರೆ ಅದರಲ್ಲಿ ಸುಳ್ಳು ಬೇಗ ಬರುವುದಿಲ್ಲ. “ನೀನ ಕರಕೊಂಡಿ ಅಂತಿದ್ದೆ” ಎಂದಳು. ಮತ್ತೆ, “ಎಲ್ಲಾರಕ್ಕಿಂತ ಮೊದಲು ನಾನ ಅಂತಿದ್ದೆ.”

“ಆ ಐದು ಮನಿಯವರಿಗೆ ಒಲಿ ಹೊಳೀಲಿಲ್ಲ” ಎಂದಳು ಗುರುಸಿದ್ದವ್ವ. “ಬ್ಯಾರೆ ಏನೂ ಇಲ್ಲ.”

ಕಾಶವ್ವ ಎದ್ದು, ಶಾವಿಗೆಯ ಕೋಲುಗಳಲ್ಲಿ ಚೆನ್ನಾಗಿ ಒಣಗಿದವನ್ನು ಆರಿಸಿ, ಐದು ಸಮ ಕಟ್ಟು ಕಟ್ಟತೊಡಗಿದಳು. ಫಕೀರಪ್ಪ ಉಸಿರು ಬಿಟ್ಟು, “ನಮ್ಮನಿಗೆ ಮಳಿ ಬಂದ ವಾರ ನಾನೂ ನೋಡೇಬಿಡ್ತೀನಿ. ಪಡಸಾಲ್ಯಾಗ ಮಂಟಪ ಹಾಕತೀನಿ” ಎಂದ. ನಗಲೋ ಬೇಡವೋ ಎಂದು ನೋಡಿ ಒಬ್ಬೊಬ್ಬರೇ ನಕ್ಕರು. ಚಹಾ ಆರಿತ್ತು, ಹಾಗೆಯೇ ಕುಡಿದರು.

ಐದು ಗಂಟೆಯ ಹೊತ್ತಿಗೆ ಮಂಜು ಇಳಿಯತೊಡಗಿತು. ಮೊಣಕಾಲಿನಿಂದ ಮೀನಖಂಡಕ್ಕೆ, ಅಲ್ಲಿಂದ ಕಣಕಾಲಿಗೆ. ಓಣಿಯಲ್ಲಿ ಮರೆತುಹೋಗಿದ್ದ ವಸ್ತುಗಳು ಒಂದೊಂದಾಗಿ ಮೇಲೆದ್ದವು: ಕಟ್ಟೆಯ ಅಂಚು, ಯಾರದೋ ಚಪ್ಪಲಿ, ಚಕ್ಕಡಿಯ ಗಾಲಿ. ಇನ್ನು ಬೇಸಿಗೆ ತಡೆಯಿಲ್ಲದೆ ನಡೆಯುತ್ತದೆ ಎಂಬುದು ಎಲ್ಲರಿಗೂ ತಿಳಿಯಿತು. ಮಾಳಿಗೆಗಳ ಮೇಲೆ ಸಂತೋಷದ ಗದ್ದಲ ಎದ್ದಿತು. ಗುರುಸಿದ್ದವ್ವ ಮಾತ್ರ ಕೆಳಗೆ ನೋಡುತ್ತ ನಿಂತಳು.

“ಹೊಂಟೈತಿ” ಎಂದಳು ನನಗೆ ಮಾತ್ರ ಕೇಳುವಂತೆ. “ನಲವತ್ತು ವರ್ಷಕ್ಕ ಒಮ್ಮೆ ನಮ್ಮ ಮನಿ ಹುಡಿಕ್ಕೊಂಡು ಬಂದಿತ್ತು. ಕುಂದ್ರು ಅನ್ನಲಿಲ್ಲ ತಂಗಿ. ಬಂದ ಕೂಡ್ಲೆ ಬೆಂಕಿ ಹಿಡದೆ.”

ಅವಳು ಏಣಿ ಇಳಿದಳು. ನಾನು ಉಷ್ಣಮಾಪಕ ಹಿಡಿದು ಹಿಂದೆಯೇ ಇಳಿದೆ. ಅವಳು ಒಳಗೆ ಹೋಗಿ, ಇನ್ನೂ ಯಾರಿಗೂ ಕೊಡದ, ಅಂಚು ಮಡಚಿ ಮುಗಿಸಿದ ಹೊಸ ಕೌದಿಯೊಂದನ್ನು ತಂದು ಬಾಗಿಲ ಮುಂದಿನ ನೆಲದ ಮೇಲೆ, ಮನೆಗೆ ಬಂದವರಿಗೆ ಹಾಸುವಂತೆ, ನಾಲ್ಕೂ ಮೂಲೆ ಎಳೆದು ಹಾಸಿದಳು. ಬದಿಗೆ ಸರಿದು, ಸೆರಗು ಹೊದ್ದು ನಿಂತಳು. ಓಣಿಯ ಎರಡೂ ತುದಿಗಳಲ್ಲಿ ನೆಲ ಒಣಗುತ್ತ ಬಂದಿತ್ತು. ಉಳಿದಿದ್ದ ಮಂಜು, ಬೆರಳಿನಷ್ಟು ದಪ್ಪದ್ದು, ಕೌದಿಯ ಮೇಲೆ ಬಂದು ನಿಂತಿತು. ಕೆಂಪು, ಹಳದಿ, ಗಿಳಿಹಸಿರು ತುಂಡುಗಳು ಅದರ ಕೆಳಗೆ ಮಸುಕಾಗಿ ಕಂಡವು. ನಾನು ಬಗ್ಗಿ ಅಳೆದೆ: ಹದಿನೇಳು. ಸಂಜೆ ಐದು ಗಂಟೆ ನಲವತ್ತೊಂದು ನಿಮಿಷದವರೆಗೆ ಅದು ಅಲ್ಲಿ ಕುಳಿತಿತ್ತು.